ಬ್ಯಾಕ್‌ಲೈಟ್ ಕೀಬೋರ್ಡಿನ ಕೀಕ್ಯಾಪ್ (ಕೀ ಮ್ಯಾಲಿನ ಟೊಪ್ಪಿಗಿ) ಹೆಂಗ ನೋಡಿ ತಗೋಬೇಕು? ಪಿಬಿಟಿ ಪ್ಲಾಸ್ಟಿಕ್‌ಗೆ 1,300 ರೂಪಾಯಿ ಹೆಚ್ಚು ಕೊಡೂದು ಬರೋಬರಿ ಏನು?

ಅಕ್ಷರಜೋಡಣೆ_ಬೆಳಗಾವಿ:

ನಮಸ್ಕಾರ್ರಿ ಎಲ್ಲಾರಿಗೂ. ಡಿಟಿಪಿ ಕೆಲಸಕ್ಕ ಬ್ಯಾಕ್‌ಲೈಟ್ ಇರೂ ಮೆಕ್ಯಾನಿಕಲ್ ಕೀಬೋರ್ಡ್ ಬೇಕಾಗೈತಿ. ಕೆಲಸ ಎಲ್ಲಾ ನುಡಿ ತಂತ್ರಾಂಶದೊಳಗ, ಕೆಜಿಪಿ ಕೀಲಿಮಣೆ ವಿನ್ಯಾಸದಾಗ. ದಿನಕ್ಕ ಆರೇಳು ತಾಸು ಟೈಪಿಂಗ್, ಅದರಾಗ ಅರ್ಧ ರಾತ್ರಿ ಹೊತ್ತಿನ್ಯಾಗ, ಟೇಬಲ್ ದೀಪ ಅಷ್ಟ ಇರತೈತಿ. ಈಗಿನ ಬೋರ್ಡಿನ ಎಫ್ ಕೀ ಮ್ಯಾಲಿನ ಅಕ್ಷರ ಪೂರಾ ಅಳಿಸೈತಿ. ಲೈಟ್ ಹಚ್ಚಿದ್ರ ಅಕ್ಷರದ ಬದಲಿ ಒಂದು ಬಿಳಿ ಮಚ್ಚಿ ಕಾಣತೈತಿ. ಎ, ಎನ್, ಐ ಮೂರೂ ಅರ್ಧರ್ಧ ಹೋಗ್ಯಾವ.

ಮೂರು ದಾರಿ ನೋಡಿಟ್ಟೀನಿ.

ಒಂದು: 87 ಕೀ ಬೋರ್ಡ್, 2,600 ರೂ. ಕ್ಯಾಪ್ "ಲೇಸರ್ ಎನ್‌ಗ್ರೇವ್ಡ್ ಎಬಿಎಸ್" ಅಂತ ಬರದಾರ (ಎಬಿಎಸ್ ಅಂದ್ರ ಇನ್ನೊಂದು ಜಾತಿ ಪ್ಲಾಸ್ಟಿಕ್).
ಎರಡು: ಅಷ್ಟ ಕೀ ಇರೂ ಇನ್ನೊಂದು, 3,900 ರೂ. ಕ್ಯಾಪ್ "ಡಬಲ್‌ಶಾಟ್ ಪಿಬಿಟಿ ಶೈನ್‌ಥ್ರೂ" (ಅಕ್ಷರದಾಗಿಂದ ಬೆಳಕು ಹಾಯೂದು).
ಮೂರು: ಮೊದಲನೇದನ್ನ ತಗೊಂಡು, 1,400 ರೂಪಾಯಿದು ಬ್ಯಾರೆ ಸೆಟ್ ಹಾಕೂದು. ಆ ಸೆಟ್ಟಿಗೆ "ಡೈ-ಸಬ್ ಪಿಬಿಟಿ, ಚೆರ್ರಿ ಪ್ರೊಫೈಲ್" ಅಂತ ಐತಿ.

ಪಿಬಿಟಿ ಅಂದ್ರ ಅಕ್ಷರ ಸವಿಯೂದೇ ಇಲ್ಲ ಅಂತಾರ, ಖರೆ ಏನ್ರಿ? ಕ್ಯಾಪ್ ಮ್ಯಾಲ ಕನ್ನಡ ಅಕ್ಷರನೂ ಹೊಳಿಯೂ ಹಂಗ ಮಾಡಾಕ ಬರತೈತೇನು?

---

ಗುಮ್ಮಟದೂರು (ವಿಜಯಪುರ):

ಅಕ್ಕಾರ, ಮೊದಲ ಮೂರನೇ ದಾರಿ ಕೈಬಿಡ್ರಿ. ಡೈ-ಸಬ್ ಕ್ಯಾಪಿನಾಗ ಬೆಳಕು ಹಾಯೂದಿಲ್ಲ. ಅದರಾಗ ಶಾಖ ಕೊಟ್ಟು ಬಣ್ಣವನ್ನ ಪ್ಲಾಸ್ಟಿಕ್‌ನೊಳಗ ಇಳಿಸ್ತಾರ. ಕ್ಯಾಪ್ ಪೂರ್ತಿ ಒಂದೇ ಪ್ಲಾಸ್ಟಿಕ್, ಬೆಳಕು ದಾಟಿ ಬರೂ ಕಿಂಡಿನೇ ಇರೂದಿಲ್ಲ. ಅಕ್ಷರ ಸವಿಯೂದಿಲ್ಲ ಅನ್ನೂದು ಖರೆ, ಹಗಲಿಗೆ ಭಾಳ ಚಲೋ. ಆದ್ರ ರಾತ್ರಿ ಲೈಟ್ ಹಚ್ಚಿದ್ರ ಕೀ ನಡುವಿನ ಸಂದಿಯೊಳಗಷ್ಟ ಹೊಳೀತದ, ಅಕ್ಷರ ಕರ್ರಗ ಉಳೀತದ. ಬ್ಯಾಕ್‌ಲೈಟಿಗೆ ಕೊಟ್ಟ ರೊಕ್ಕ ನೀರಾಗ ಹಾಕಿದಂಗ. ಪಿಬಿಟಿ ಅನ್ನೋ ಹೆಸರು ನೋಡಿ ಇಲ್ಲೇ ಭಾಳ ಮಂದಿ ಎಡವತಾರ.

ನಿಮ್ಮ ಪ್ರಶ್ನಿಯೊಳಗ ಎರಡು ವಿಷಯ ಕೂಡಿ ಕುಂತಾವ. ಕ್ಯಾಪ್ ಯಾವ ಪ್ಲಾಸ್ಟಿಕ್‌ದು ಅನ್ನೂದು ಒಂದು, ಅಕ್ಷರ ಹೆಂಗ ಮಾಡ್ಯಾರ ಅನ್ನೂದು ಇನ್ನೊಂದು. ಅಕ್ಷರ ಅಳಿಸೂದು ಎರಡನೇದಕ್ಕ ಸಂಬಂಧಪಟ್ಟದ್ದು.

ಈಗಿನ ನಿಮ್ಮ ಬೋರ್ಡಿನದು ಖಂಡಿತ ಬಣ್ಣ ಹೊಡದು ಲೇಸರ್ ಮಾಡಿದ ಕ್ಯಾಪ್. ಹಾಲಿನ ಬಣ್ಣದ, ಬೆಳಕು ಹಾಯೂ ಎಬಿಎಸ್ ಕ್ಯಾಪ್ ಎರಕ ಹೊಯ್ದು, ಮ್ಯಾಲ ಕರೇ ಬಣ್ಣ ಸಿಂಪಡಿಸಿ, ಅಕ್ಷರದ ಜಾಗಾದಾಗಿನ ಬಣ್ಣ ಲೇಸರ್‌ದಿಂದ ಸುಟ್ಟು ತಗೀತಾರ. ಕೆಲವರು ಅದರ ಮ್ಯಾಲ ಒಂದು ಯುವಿ ಪದರ ಹೊಡೀತಾರ. ಅಂದ್ರ ಅಕ್ಷರ ಅಂತ ಅಲ್ಲಿ ಏನೂ ಇಲ್ಲ, ಬಣ್ಣ ಇಲ್ಲದ ಜಾಗಾನೇ ಅಕ್ಷರ. ಬೆರಳು ತಿಕ್ಕಿ ಸುತ್ತಲಿನ ಬಣ್ಣ ತೆಳ್ಳಗಾದಂಗ ಅಕ್ಷರ ದಪ್ಪ ಆಗ್ತದ, ಅಂಚು ಮಸುಕಾಗ್ತದ, ಕಡೀಕ ಇಡೀ ನೆತ್ತಿ ಬೆಳ್ಳಗ ಹೊಳೀತದ. ನೀವು ಹೇಳಿದ ಬಿಳಿ ಮಚ್ಚಿ ಇದೇ. ನಿಮ್ಮ ಮೊದಲನೇ ಬೋರ್ಡಿನ "ಲೇಸರ್ ಎನ್‌ಗ್ರೇವ್ಡ್ ಎಬಿಎಸ್" ಕೂಡ ಹೆಚ್ಚುಕಡಿಮಿ ಇದೇ ಜಾತಿ, ಅದರಾಗೂ ಇದೇ ಆಗ್ತದ.

ಎಫ್ ಯಾಕ ಮೊದಲ ಹೋತು ಅಂದ್ರ, ಕೆಜಿಪಿ ವಿನ್ಯಾಸದಾಗ ಒತ್ತಕ್ಷರ ಕೂಡಿಸೂದು ಎಫ್‌ದಿಂದ. "ಕನ್ನಡ" ಅಂತ ಹೊಡಿಯಾಕ ಕೆ, ಎನ್, ಎಫ್, ಎನ್, ಡಬ್ಲ್ಯೂ. ಮ್ಯಾಲ ಎಡಗೈ ತೋರುಬೆರಳು ಸುಮ್ಮನ ಕುಂತಾಗಲೂ ಅಲ್ಲೇ ಕುಂತಿರ್ತದ. ಆ ಒಂದು ಕ್ಯಾಪಿಗೆ ಎರಡು ಪಾಲು ತಿಕ್ಕಾಟ. ನುಡಿಯೊಳಗ ಕೆಲಸ ಮಾಡಿದ ಯಾವ ಬೋರ್ಡ್ ನೋಡಿದ್ರೂ ಎಫ್ ಮತ್ತು ಎ ಮೊದಲ ಹೋಗಿರ್ತಾವ.

ಡಬಲ್‌ಶಾಟ್ ಬ್ಯಾರೆ. ಬೆಳಕು ಹಾಯೂ ಪ್ಲಾಸ್ಟಿಕ್ ಒಮ್ಮೆ, ಕರೇ ಪ್ಲಾಸ್ಟಿಕ್ ಒಮ್ಮೆ, ಹಿಂಗ ಎರಡು ಸಲ ಎರಕ ಹೊಯ್ದು ಕೂಡಿಸಿದ್ದು. ಅಕ್ಷರ ಕ್ಯಾಪಿನ ದಪ್ಪದಷ್ಟೇ ಆಳ ಇರ್ತದ. ಮ್ಯಾಲಿನ ಮೈ ನುಣ್ಣಗಾದೀತು, ಅಕ್ಷರ ಹೋಗೂದಿಲ್ಲ.

ಅಂಗಡಿಯೊಳಗ ಗುರ್ತು ಹಿಡಿಯೂದು ಹಿಂಗ. ಒಂದು ಕ್ಯಾಪ್ ತಗಿಸಿ ತಿರುವಿ ಒಳಗ ನೋಡ್ರಿ. ಒಳಗೆಲ್ಲಾ ಒಂದೇ ಹಾಲಿನ ಬಣ್ಣ ಇದ್ದು ಹೊರಗ ಅಷ್ಟ ಕರ್ರಗಿದ್ರ ಬಣ್ಣ ಹೊಡದದ್ದು. ಕೆಳ ಅಂಚನ್ನ ಉಗುರಿನಿಂದ ಕೆರದ್ರ ಬಿಳೇದು ಕಾಣ್ತದ. ಅಂಚು ಗಟ್ಟಿ ಕರೇದಿದ್ದು, ಒಳಗ ನಡುವ ಬಿಳೇ ಚೌಕಟ್ಟು ಕುಂತಿದ್ದು, ಎರಡು ಪ್ಲಾಸ್ಟಿಕ್ ಕೂಡೂ ಗೆರಿ ಎದ್ದು ಕಂಡ್ರ ಡಬಲ್‌ಶಾಟ್. ಒಳಗೂ ಹೊರಗೂ ಒಂದೇ ಬಣ್ಣ ಇದ್ರ ಅಕ್ಷರ ಬರೇ ಛಾಪಿಸಿದ್ದು ಅಥವಾ ಡೈ-ಸಬ್, ಎರಡರಾಗೂ ಬೆಳಕು ಬರೂದಿಲ್ಲ. ಆನ್‌ಲೈನ್ ಫೋಟೋದಾಗ ನೋಡೂದಾದ್ರ ಎ, ಬಿ, ಓ, 8 ದೊಡ್ಡದು ಮಾಡಿ ನೋಡ್ರಿ. ಅಗ್ಗದ ಡಬಲ್‌ಶಾಟಿನಾಗ ಆ ಸುತ್ತಿನ ನಡುವಿನ ತುಂಡು ಹಿಡಕೊಂಡು ನಿಂದ್ರಲಿ ಅಂತ ಅಕ್ಷರ ಒಂದು ಕಡೆ ಕಡದಿರ್ತಾರ, ಸ್ಟೆನ್ಸಿಲ್ ಹಂಗ ಕಾಣ್ತದ. ನೋಡಾಕ ಚಂದ ಇಲ್ಲ, ಬಾಳಿಕಿಗೆ ಏನೂ ಕೊರತಿಲ್ಲ.

---

ಉದ್ಯಮಬಾಗ_ಮೌಲ್ಡ್ (ಬೆಳಗಾವಿ):

ಮೇಲಿನವರು ಅಕ್ಷರದ ವಿಷಯ ಸರಿಯಾಗಿ ಹೇಳಿದ್ದಾರೆ. ಪ್ಲಾಸ್ಟಿಕ್ ವಿಷಯ ನಾನು ಹೇಳುತ್ತೇನೆ, ಯಾಕಂದರೆ "ಪಿಬಿಟಿ" ಅಂತ ಬರೆದದ್ದಕ್ಕೆಲ್ಲ ಹೆಚ್ಚಿನ ದುಡ್ಡು ಕೊಡಬೇಕಾಗಿಲ್ಲ.

ಎಬಿಎಸ್ ಮೆತ್ತಗಿನ ಮೈಯದ್ದು. ಬೆರಳಿನ ಎಣ್ಣೆ ಮತ್ತು ತಿಕ್ಕಾಟಕ್ಕೆ ಮೇಲಿನ ಸಣ್ಣ ಒರಟು ಸವೆದು ಕನ್ನಡಿಯ ಹಾಗೆ ನುಣ್ಣಗಾಗುತ್ತದೆ. ಆ ಹೊಳಪು ಕೊಳೆಯಲ್ಲ, ಸವೆದ ಮೈ, ಹಾಗಾಗಿ ಎಷ್ಟು ತೊಳೆದರೂ ಹೋಗುವುದಿಲ್ಲ. ತಿಳಿ ಬಣ್ಣದ ಎಬಿಎಸ್ ಬಿಸಿಲು ತಾಗಿದರೆ ಹಳದಿಯಾಗುತ್ತದೆ. ಪಿಬಿಟಿ ಇದಕ್ಕಿಂತ ಗಟ್ಟಿ, ಮೈ ಸ್ವಲ್ಪ ಮರಳು ಮರಳಾಗಿ ವರ್ಷಗಟ್ಟಲೆ ಉಳಿಯುತ್ತದೆ, ಅಸಿಟೋನ್‌ಗೂ ಜಗ್ಗುವುದಿಲ್ಲ. ಆದರೆ ಎರಕದಲ್ಲಿ ಹಟಮಾರಿ. ನಮ್ಮೂರಿನ ಫೌಂಡ್ರಿ ಮಂದಿಗೆ ಕುಗ್ಗುವಿಕೆಯ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ: ತಣ್ಣಗಾಗುವಾಗ ಎಬಿಎಸ್ ಶೇಕಡಾ ಸುಮಾರು 0.5ರಷ್ಟು ಕುಗ್ಗಿದರೆ ಪಿಬಿಟಿ ಶೇಕಡಾ 1.5ರಿಂದ 2ರಷ್ಟು ಕುಗ್ಗುತ್ತದೆ. 118 ಮಿ.ಮೀ. ಸ್ಪೇಸ್‌ಬಾರಿನಲ್ಲಿ ಅದು ಎರಡು ಮಿ.ಮೀ. ಆಸುಪಾಸು. ಎಲ್ಲ ಕಡೆ ಸಮನಾಗಿ ಕುಗ್ಗದಿದ್ದರೆ ಬಾರು ಬಾಳೆಕಾಯಿಯ ಹಾಗೆ ಬಾಗುತ್ತದೆ. ಅಗ್ಗದ ಪಿಬಿಟಿ ಸೆಟ್ಟಿನ ಮೊದಲ ದೋಷ ಯಾವಾಗಲೂ ಸ್ಪೇಸ್‌ಬಾರಿನಲ್ಲೇ ಕಾಣುವುದು ಇದಕ್ಕೇ.

"ಡಬಲ್‌ಶಾಟ್ ಪಿಬಿಟಿ ಶೈನ್‌ಥ್ರೂ" ಅಂದರೆ ಇಡೀ ಕ್ಯಾಪ್ ಪಿಬಿಟಿ ಅಂತ ತಿಳಿಯಬೇಡಿ. ಪಿಬಿಟಿ ಅದರ ಸ್ವಭಾವಕ್ಕೆ ಮಬ್ಬು, ಬೆಳಕನ್ನು ಚದುರಿಸಿಬಿಡುತ್ತದೆ. ಹಾಗಾಗಿ ಹೊರಗಿನ ಚಿಪ್ಪು ಮಾತ್ರ ಪಿಬಿಟಿ ಇಟ್ಟು, ಬೆಳಕು ಹಾಯಬೇಕಾದ ಅಕ್ಷರವನ್ನು ಸಾಮಾನ್ಯವಾಗಿ ಎಬಿಎಸ್ ಅಥವಾ ಪಾಲಿಕಾರ್ಬೊನೇಟ್‌ನಲ್ಲಿ ಎರೆಯುತ್ತಾರೆ. ಇದು ಮೋಸವಲ್ಲ, ಕೆಲಸದ ಅಗತ್ಯ. ಎರಡು ಪ್ಲಾಸ್ಟಿಕ್ ಬೇರೆ ಬೇರೆ ಅಳತೆಯಲ್ಲಿ ಕುಗ್ಗುವುದರಿಂದ ಅಚ್ಚು ಚೆನ್ನಾಗಿಲ್ಲದಿದ್ದರೆ ಅಕ್ಷರದ ಅಂಚು ಕೂದಲೆಳೆಯಷ್ಟು ಏಳುತ್ತದೆ ಇಲ್ಲವೇ ತಗ್ಗುತ್ತದೆ. ಉಗುರು ಆಡಿಸಿ ನೋಡಿ. ಗೆರೆ ತಾಗಿದರೆ ತೊಂದರೆಯಿಲ್ಲ, ಉಗುರು ಸಿಕ್ಕಿ ನಿಂತರೆ ಬೇಡ.

ದಪ್ಪ ಅಳೆಯಿರಿ. ವರ್ನಿಯರ್ ಕ್ಯಾಲಿಪರ್ ನಮ್ಮ ಕಡೆ ಯಾವ ವರ್ಕ್‌ಶಾಪಿನಲ್ಲಾದರೂ ಸಿಗುತ್ತದೆ. ಕ್ಯಾಪಿನ ಕೆಳ ಅಂಚಿನ ಗೋಡೆ 0.8ರಿಂದ 1 ಮಿ.ಮೀ. ಇದ್ದರೆ ತೆಳ್ಳಗಿನದು, ಸದ್ದು ಟೊಳ್ಳು, ಒಳಗಿನ ಕಾಂಡ (ಸ್ವಿಚ್ಚಿಗೆ ಸಿಕ್ಕಿ ಕೂರುವ ಭಾಗ) ಸೀಳುವ ಭಯವೂ ಹೆಚ್ಚು. 1.3ರಿಂದ 1.5 ಇದ್ದರೆ ಒಳ್ಳೆಯದು. ಪಿಬಿಟಿ ಹಾಕಿದರೆ ಸದ್ದು ಗಂಭೀರವಾಗುತ್ತದೆ ಅನ್ನುವ ಮಾತಿನಲ್ಲಿ ಬಹುಪಾಲು ಈ ದಪ್ಪದ್ದೇ ಕೆಲಸ. ತೆಳ್ಳಗಿನ ಪಿಬಿಟಿಗಿಂತ ದಪ್ಪ ಡಬಲ್‌ಶಾಟ್ ಎಬಿಎಸ್ ನನ್ನ ಲೆಕ್ಕದಲ್ಲಿ ಮೇಲು. ಜರ್ಮನಿಯ ಜಿಎಂಕೆ ಕಂಪನಿಯ ದುಬಾರಿ ಸೆಟ್‌ಗಳೂ ಡಬಲ್‌ಶಾಟ್ ಎಬಿಎಸ್‌ನವೇ, ಅವೂ ಬಳಸಿ ಬಳಸಿ ಹೊಳಪಾಗುತ್ತವೆ. ಜನ ಅಲ್ಲಿ ದುಡ್ಡು ಕೊಡುವುದು ಅಚ್ಚಿನ ನಿಖರತೆಗೆ ಮತ್ತು ಬಣ್ಣಕ್ಕೆ.

ಉಪ್ಪುನೀರಿನ ಪರೀಕ್ಷೆ ಬಗ್ಗೆ ಒಂದು ಎಚ್ಚರಿಕೆ. 100 ಮಿ.ಲೀ. ನೀರಿಗೆ 35 ಗ್ರಾಂ ಉಪ್ಪು ಕರಗಿಸಿದರೆ ಅದರ ಸಾಂದ್ರತೆ ಸುಮಾರು 1.19ಕ್ಕೆ ಬರುತ್ತದೆ. ಎಬಿಎಸ್ 1.05ರ ಆಸುಪಾಸು, ತೇಲುತ್ತದೆ, ಪಿಬಿಟಿ 1.31, ಮುಳುಗುತ್ತದೆ. ಡೈ-ಸಬ್ ಕ್ಯಾಪಿಗೆ ಇದು ಸರಿಯಾದ ಪರೀಕ್ಷೆ. ಆದರೆ ಶೈನ್‌ಥ್ರೂ ಡಬಲ್‌ಶಾಟಿನಲ್ಲಿ ಅರ್ಧ ಪಿಬಿಟಿ, ಅರ್ಧ ಎಬಿಎಸ್ ಇದ್ದರೆ ಸರಾಸರಿ 1.18ರ ಹತ್ತಿರ ನಿಲ್ಲುತ್ತದೆ. ಅಸಲಿ ಪಿಬಿಟಿ ಚಿಪ್ಪಿನ ಕ್ಯಾಪೇ ತೇಲಿಬಿಡಬಹುದು! ಅದನ್ನು ನೋಡಿ ಒಳ್ಳೆಯ ಸೆಟ್ ವಾಪಸ್ ಕಳಿಸಬೇಡಿ. ಕ್ಯಾಪಿನೊಳಗೆ ಗಾಳಿಗುಳ್ಳೆ ಸಿಕ್ಕಿದರೂ ಲೆಕ್ಕ ತಪ್ಪುತ್ತದೆ, ನೀರಿನೊಳಗೇ ಎರಡು ಸಲ ತಟ್ಟಿ ಗುಳ್ಳೆ ಬಿಡಿಸಿ.

ಡಬಲ್‌ಶಾಟಿಗೆ ಅಸಿಟೋನ್ ಪರೀಕ್ಷೆಯೇ ಸರಿ. ಹತ್ತಿ ಸುತ್ತಿದ ಕಡ್ಡಿಯ ತುದಿಗೆ ಒಂದೇ ಹನಿ. ಸ್ಕ್ರಾಲ್ ಲಾಕ್ ಅಥವಾ ಪಾಸ್ (Pause) ಕೀಯಂಥ ಕೆಲಸವಿಲ್ಲದ ಕ್ಯಾಪಿನ ಕೆಳ ಅಂಚಿನ ಒಳಬದಿಗೆ, ಕರಿಯ ಭಾಗಕ್ಕೆ ಮಾತ್ರ ಒರೆಸಿ. ಐದು ಸೆಕೆಂಡಿನಲ್ಲಿ ಅಂಟಂಟಾಗಿ ಹತ್ತಿಗೆ ಕರಿ ಬಂದರೆ ಎಬಿಎಸ್. ಏನೂ ಆಗದಿದ್ದರೆ ಪಿಬಿಟಿ. ಅಕ್ಷರದ ಕಡೆಗೆ ಹರಿಯಲು ಬಿಟ್ಟರೆ ಒಳಗಿನ ಬಿಳಿ ಭಾಗ ಕರಗುತ್ತದೆ. ಉಗುರುಬಣ್ಣ ತೆಗೆಯುವ ದ್ರವ ಬಳಸುವುದಾದರೆ ಸೀಸೆ ಓದಿ, ಅಸಿಟೋನ್ ಇಲ್ಲದ್ದೂ ಮಾರಾಟಕ್ಕಿದೆ, ಅದರಿಂದ ಈ ಪರೀಕ್ಷೆ ಆಗುವುದಿಲ್ಲ.

---

ನವನಗರ_87 (ಬಾಗಲಕೋಟೆ):

ಕ್ಯಾಪ್ ಎಷ್ಟ ಚಲೋ ಇದ್ರೂ ಎಲ್‌ಇಡಿ ಯಾವ ಕಡೆ ಐತಿ ಅಂತ ನೋಡದ ತಗೊಂಡ್ರ ರಾತ್ರಿ ಅಕ್ಷರ ಮಬ್ಬಾಗೇ ಕಾಣತೈತಿ. ಇದನ್ನ ಅಂಗಡಿಯಾವ್ರು ಹೇಳೂದಿಲ್ಲ, ಡಬ್ಬಿ ಮ್ಯಾಲೂ ಬರ್ದಿರೂದಿಲ್ಲ.

ಜಿ ಕೀ ಕ್ಯಾಪ್ ತಗೀರಿ. ಸ್ವಿಚ್ಚಿನ್ಯಾಗ ಬೆಳಕು ಬರೂ ಕಿಂಡಿ ಅಂಕಿಗಳ ಸಾಲಿನ ಕಡೆ ಇದ್ರ ಅದು ಉತ್ತರಮುಖ, ಸ್ಪೇಸ್‌ಬಾರ್ ಕಡೆ ಇದ್ರ ದಕ್ಷಿಣಮುಖ. ಶೈನ್‌ಥ್ರೂ ಕ್ಯಾಪಿನ ಅಕ್ಷರ ಸಾಮಾನ್ಯವಾಗಿ ನೆತ್ತಿಯ ಮ್ಯಾಲಿನ ಅರ್ಧದಾಗ ಇರತಾವ, ಅಂದ್ರ ಉತ್ತರಮುಖದ ಎಲ್‌ಇಡಿ ನೇರ ಅದರ ಕೆಳಗ ಬರತೈತಿ, ಅಕ್ಷರ ಝಳಝಳ ಕಾಣತೈತಿ. ದಕ್ಷಿಣಮುಖದಾಗ ಬೆಳಕು ಕ್ಯಾಪಿನ ಕೆಳಗಿನ ಅರ್ಧಕ್ಕ ಬೀಳತೈತಿ, ನಡುವ ಸ್ವಿಚ್ಚಿನ ಕಾಂಡ ಅಡ್ಡ ನಿಂದ್ರತೈತಿ, ಅಕ್ಷರಕ್ಕ ಹೋಗಿ ಮುಟ್ಟೂದು ಚೂರುಪಾರು. ಅದಕ್ಕಂತನ ದಕ್ಷಿಣಮುಖದ ಬೋರ್ಡಿಗೆ ಅಕ್ಷರ ನೆತ್ತಿ ಬಿಟ್ಟು ನಮ್ಮ ಕಡೆ ಮುಖ ಮಾಡಿದ ಗೋಡಿ ಮ್ಯಾಲ ಇರೂ ಸೈಡ್‌ಪ್ರಿಂಟ್ ಸೆಟ್ ಬರತಾವ. ನೇರ ಮ್ಯಾಲಿಂದ ಬಗ್ಗಿ ನೋಡಿದ್ರ ಅವು ಕಾಣೂದಿಲ್ಲ, ಕುರ್ಚಿಯೊಳಗ ಹಿಂದ ಒರಗಿ ಕುಂತ್ರ ಕಾಣತಾವ.

ಅಂಕಿ ಸಾಲಿನ್ಯಾಗ ಇನ್ನೊಂದು ತಕರಾರು. ಮ್ಯಾಲ ಚಿಹ್ನೆ, ಕೆಳಗ ಅಂಕಿ ಇದ್ರ ಉತ್ತರಮುಖದಾಗ ಚಿಹ್ನೆ ಹೊಳದು ಅಂಕಿ ಮಬ್ಬಾಗತೈತಿ. ಬ್ಯಾಕ್‌ಲೈಟಿಗೆ ಅಂತನ ಮಾಡಿದ ಸೆಟ್ಟಿನ್ಯಾಗ ಎರಡನ್ನೂ ಪಕ್ಕಪಕ್ಕ ಮ್ಯಾಲ ಇಟ್ಟಿರತಾರ. ಅಂಥಾದ್ದನ್ನ ಆರಿಸ್ರಿ, ಬಿಲ್ ಹೊಡಿಯೂ ಕೆಲಸಕ್ಕಂತೂ ಇದು ಬೇಕ.

ಪ್ರೊಫೈಲ್ ಅಂದ್ರ ಕ್ಯಾಪಿನ ಎತ್ತರ ಮತ್ತು ವಾಟ. ಬೋರ್ಡ್ ಜೋಡಿ ಬರೂವು ಹೆಚ್ಚಾಗಿ ಓಇಎಂ, ಸ್ವಲ್ಪ ಎತ್ತರ. ಚೆರ್ರಿ ಪ್ರೊಫೈಲ್ ಅದಕ್ಕಿಂತ ತಗ್ಗು. ಉತ್ತರಮುಖದ ಬೋರ್ಡಿನ್ಯಾಗ ಚೆರ್ರಿ ಹಾಕಿದ್ರ ಎ, ಎಸ್, ಡಿ, ಎಫ್ ಸಾಲಿನ ಕ್ಯಾಪಿನ ಒಳಮೈ ಸ್ವಿಚ್ಚಿನ ಮನಿಗೆ ಬಡೀಬಹುದು. ಒತ್ತೂದು ಪೂರಾ ಆಗೂ ಮೊದಲ ದಪ್ಪಂತ ನಿಂದ್ರತೈತಿ, ಸದ್ದು ಮಂದ ಆಗತೈತಿ. ಎಲ್ಲಾ ಸ್ವಿಚ್ಚಿಗೂ ಹಿಂಗ ಆಗೂದಿಲ್ಲ. ಅದೇ ಸ್ವಿಚ್ಚಿಗೆ ಹಳೇ ಓಇಎಂ ಕ್ಯಾಪ್ ಒಮ್ಮೆ, ಚೆರ್ರಿ ಒಮ್ಮೆ ಹಾಕಿ ಮೆಲ್ಲಕ ಒತ್ತಿ ನೋಡಿದ್ರ ಬೆರಳಿಗೆ ತಿಳೀತೈತಿ. ತೆಳ್ಳಗಿನ ಓ-ರಿಂಗ್ (ರಬ್ಬರ್ ಉಂಗುರ) ಹಾಕಿದ್ರ ಬಡಿಯೂದು ನಿಂದ್ರತೈತಿ, ಆದ್ರ ಕೀ ಇಳಿಯೂ ಆಳ ಅಷ್ಟ ಕಮ್ಮಿ ಆಗತೈತಿ. ಹೊಸದಾಗಿ ತಗೊಳ್ಳೂವಾಗ ಆ ರಗಳಿನೇ ಬ್ಯಾಡ, ಓಇಎಂ ಪ್ರೊಫೈಲ್ ತಗೀರಿ.

ಕಡೀದು, ಭಾಳ ಮಂದಿ ಮರಿಯೂದು: ಕೆಳಗಿನ ಸಾಲಿನ ಅಳತಿ. ಒಂದು ಯೂನಿಟ್ ಅಂದ್ರ 19.05 ಮಿ.ಮೀ., ಕ್ಯಾಪ್ ನಡುವಿನ ಸಂದಿ ಕಳದ್ರ ಕ್ಯಾಪಿನ ಅಗಲ 18 ಮಿ.ಮೀ. ಸ್ಟ್ಯಾಂಡರ್ಡ್ ಸಾಲಿನ್ಯಾಗ ಸ್ಪೇಸ್‌ಬಾರ್ 6.25 ಯೂನಿಟ್, ಸ್ಕೇಲಿನ್ಯಾಗ 118 ಮಿ.ಮೀ.; ಕಂಟ್ರೋಲ್, ವಿಂಡೋಸ್, ಆಲ್ಟ್ ಎಲ್ಲಾ 1.25 ಯೂನಿಟ್, ಹತ್ತಿರ ಹತ್ತಿರ 23 ಮಿ.ಮೀ. ಸ್ಪೇಸ್‌ಬಾರ್ 123 ಬಂದ್ರ ಅದು 6.5 ಯೂನಿಟ್, ಬಜಾರಿನ ಸೆಟ್ ಆ ಸಾಲಿಗೆ ಕುಂದ್ರೂದಿಲ್ಲ. 65 ಇಲ್ಲಾ 75 ಪರ್ಸೆಂಟ್ ಸಣ್ಣ ಬೋರ್ಡ್ ಇದ್ರ ಬಲಗಡಿ ಶಿಫ್ಟ್ 1.75 ಯೂನಿಟ್, ಅಂದ್ರ 32 ಮಿ.ಮೀ. ಇರತೈತಿ. 104 ಕೀ ಸೆಟ್ಟಿನ್ಯಾಗ 51 ಮಿ.ಮೀ. ಶಿಫ್ಟ್ ಅಷ್ಟ ಇರತೈತಿ. ಸೆಟ್ಟಿನ ಫೋಟೋದಾಗ ಸಣ್ಣ ಶಿಫ್ಟ್ ಕಂಡ್ರಷ್ಟ ರೊಕ್ಕ ಕೊಡ್ರಿ.

ಸ್ವಿಚ್ಚಿನ ಕಾಂಡ ಕೂಡಿಸೂ ಚಿಹ್ನೆ (+) ಹಂಗ ಇರಬೇಕು. ಲೋ-ಪ್ರೊಫೈಲ್ ಸ್ವಿಚ್ಚಿನ್ಯಾಗ ಕೆಲವಕ್ಕ ಎರಡು ಕಿವಿಯ ತೂತು ಇರತಾವ, ಅದಕ್ಕ ಈ ಕ್ಯಾಪ್ ಯಾವೂ ಬರೂದಿಲ್ಲ.

---

ಅಕ್ಷರಜೋಡಣೆ_ಬೆಳಗಾವಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಅಂಗಡಿಗೆ ಹೋಗಿ ನೋಡಿ ಬಂದೆ. ಮೊದಲನೇ ಬೋರ್ಡ್ (2,600): ಒಳಗ ಎಲ್ಲಾ ಹಾಲಿನ ಬಣ್ಣ, ಅಂಚು 0.9 ಮಿ.ಮೀ., ಎಲ್‌ಇಡಿ ಉತ್ತರಮುಖ. ಎರಡನೇದು (3,900): ಕೂಡೂ ಗೆರಿ ಚಂದಂಗ ಕಾಣತೈತಿ, ಅಂಚು 1.4, ಆದ್ರ ಎಲ್‌ಇಡಿ ದಕ್ಷಿಣಮುಖ, ಅಕ್ಷರ ನೆತ್ತಿ ಮ್ಯಾಲ. ಅಂಗಡಿ ದೀಪ ಆರಿಸಿಸಿ ನೋಡಿದ್ನಿ, ಅಕ್ಷರದ ಕೆಳಗಿನ ಕಾಲಷ್ಟ ಬೆಳಗತೈತಿ, ತಲಿ ಕಾಣೂದಿಲ್ಲ.

ಜೋಡಿಗೆ ಮನಿಯಾಗಿನ ಹಳೇ ಬೋರ್ಡನೂ ಅಳದೆ. 104 ಕೀ, ಕಾಂಡ ಕೂಡಿಸೂ ಚಿಹ್ನೆಯದ, ಎಲ್‌ಇಡಿ ಉತ್ತರಮುಖ, ಸ್ಪೇಸ್‌ಬಾರ್ 123 ಮಿ.ಮೀ., ಎಡಗಡಿ ಕಂಟ್ರೋಲ್ 27, ವಿಂಡೋಸ್ 18, ಆಲ್ಟ್ 23. ಸ್ವಿಚ್ ಎಲ್ಲಾ ಸರಿ ಅದಾವ, ಒಂದು ಸಲ ಒತ್ತಿದ್ರ ಎರಡು ಅಕ್ಷರ ಬೀಳೂ ತ್ರಾಸ ಇಲ್ಲ.

ಕನ್ನಡ ಅಕ್ಷರದ್ದು ಉಳೀತು. ನೇಮ್‌ಪ್ಲೇಟ್ ಮಾಡೂ ಲೇಸರ್ ಅಂಗಡಿಯೊಳಗ ಕೆತ್ತಿಸಾಕ ಬರತೈತೇನ್ರಿ?

---

ನವನಗರ_87 (ಬಾಗಲಕೋಟೆ):

ಹಂಗಾದ್ರ ಹೊಸ ಬೋರ್ಡ್ ಯಾಕ ಬೇಕ್ರಿ ಅಕ್ಕಾರ? ಸ್ವಿಚ್ ಸರಿ ಇದ್ರ ಸವದದ್ದು ಕ್ಯಾಪ್ ಅಷ್ಟ. ನಿಮ್ಮ ಹಳೇ ಬೋರ್ಡಿನ ಕೆಳಗಿನ ಸಾಲು 6.5 ಯೂನಿಟ್ ಜಾತೀದು, ಆ ಒಂದು ಸಾಲಿಗೆ ಬಜಾರಿನ ಸೆಟ್ ಬರೂದಿಲ್ಲ. ಆದ್ರ ಅಲ್ಲಿ ಅಳಸೂ ಅಕ್ಷರನೂ ಇಲ್ಲ. ಸ್ಪೇಸ್, ಕಂಟ್ರೋಲ್, ಆಲ್ಟ್ ಕತ್ತಲದಾಗೂ ಕೈಗೆ ತಿಳೀತಾವ. ಓಇಎಂ ಪ್ರೊಫೈಲಿನ 104 ಕೀ ಡಬಲ್‌ಶಾಟ್ ಶೈನ್‌ಥ್ರೂ ಸೆಟ್ ತರಿಸ್ರಿ, ಕೆಳಗಿನ ಸಾಲು ಹಳೇದನ್ನ ಬಿಟ್ಟು ಉಳಿದದ್ದೆಲ್ಲಾ ಬದಲಿ ಮಾಡ್ರಿ. ಪ್ರೊಫೈಲ್ ಒಂದೇ ಇದ್ರ ಹಳೇ ಸಾಲು, ಹೊಸ ಸಾಲು ಎತ್ತರದಾಗ ಕೂಡತಾವ. ಬ್ಯಾರೆ ಪ್ರೊಫೈಲ್ ತಂದ್ರ ಸ್ಪೇಸ್‌ಬಾರ್ ಮೆಟ್ಟಲದ ಹಂಗ ಆಗಿ ಹೆಬ್ಬೆರಳು ಎಡವತೈತಿ. ಕರೇ ಸೆಟ್ಟನ ತಗೀರಿ, ಬಣ್ಣದ ಫರಕ್ ಅಷ್ಟೊಂದು ಕಾಣೂದಿಲ್ಲ.

ಎರಡನೇ ಬೋರ್ಡ್ ಕ್ಯಾಪ್ ಚಲೋ ಅದಾವ, ಖರೆ. ಆದ್ರ ನಿಮ್ಮ ರಾತ್ರಿ ಕೆಲಸಕ್ಕ ದಕ್ಷಿಣಮುಖಕ್ಕ ನೆತ್ತಿ ಅಕ್ಷರ ಅಂದ್ರ 3,900 ಕೊಟ್ಟು ಕತ್ತಲ ಕೊಂಡಂಗ. ಪುಡ್ಡಿಂಗ್ ಅಂತ ಕರಿಯೂ, ಬದಿ ಪೂರಾ ಬೆಳಕು ಹಾಯೂ ಕ್ಯಾಪನೂ ಕಣ್ಣಿಗೆ ಬೀಳತಾವ. ನೋಡಾಕ ಝಗಮಗ, ಆದ್ರ ಬದಿ ಬೆಳಕಿನ್ಯಾಗ ಅಕ್ಷರ ಮುಳುಗತೈತಿ. ಆರು ತಾಸು ಟೈಪ್ ಮಾಡೋರಿಗೆ ಬ್ಯಾಡ.

---

ಗುಮ್ಮಟದೂರು (ವಿಜಯಪುರ):

ಲೇಸರ್ ಅಂಗಡಿ ವಿಚಾರ: ಡಬಲ್‌ಶಾಟ್ ಕ್ಯಾಪ್ ಮ್ಯಾಲ ಕೆತ್ತಿದ್ರ ಕರೇ ಪ್ಲಾಸ್ಟಿಕ್ ಒಳಗೂ ಕರೇದೇ, ಬೂದಿ ಬಣ್ಣದ ಗುರ್ತು ಬೀಳ್ತದ, ಹೊಳಿಯೂದಿಲ್ಲ. ಹೊಳೀಬೇಕಂದ್ರ ಬಣ್ಣ ಹೊಡದ ಕ್ಯಾಪೇ ಆಗ್ಬೇಕು, ಅದೂ ಫೈಬರ್ ಲೇಸರ್‌ದಿಂದ ಬಣ್ಣದ ಪದರ ಅಷ್ಟ ತಗಿಸಬೇಕು. ಕಟ್ಟಿಗಿ, ಅಕ್ರಿಲಿಕ್ ಕತ್ತರಿಸೂ ಸಿಒ2 ಮಷಿನ್ ಎಬಿಎಸ್ಸನ್ನ ಕರಗಿಸಿ ಅಂಚು ಉಬ್ಬಿಸಿಬಿಡ್ತದ. ಅಷ್ಟೆಲ್ಲಾ ಮಾಡಿದ್ರೂ ಮತ್ತ ಸವಿಯೂ ಬಣ್ಣಕ್ಕೇ ಬಂದು ನಿಂತಂಗ ಆತು.

ಸ್ಟಿಕ್ಕರ್ ಹಚ್ಚೂದಾದ್ರ ಹಿನ್ನೆಲೆ ಪಾರದರ್ಶಕ ಇದ್ದು ಅಕ್ಷರ ಅಷ್ಟ ಬಣ್ಣದಾಗ ಇರೂದು ನೋಡ್ರಿ, ಅದೂ ಇಂಗ್ಲಿಷ್ ಅಕ್ಷರದ ಕಿಂಡಿ ಮುಚ್ಚದಂಗ ಮೂಲಿಯೊಳಗ ಇರಬೇಕು. ಕರೇ ಹಿನ್ನೆಲೆಯ ವಿನೈಲ್ ಸ್ಟಿಕ್ಕರ್ ಬೆಳಕನ್ನ ಪೂರ್ತಿ ನುಂಗ್ತದ. ಪಿಬಿಟಿಯ ಒರಟು ಮೈ ಮ್ಯಾಲ ಅಂಟು ಗಟ್ಟಿ ಹಿಡಿಯೂದಿಲ್ಲ. ನಮ್ಮ ಕಡಿ ಬ್ಯಾಸಗಿ 40 ಡಿಗ್ರಿ ದಾಟಿದ್ರ ಅಂಟು ಬದಿಯಿಂದ ಹೊರಗ ಬಂದು ಧೂಳ ಹಿಡದು ಕಪ್ಪು ಗೆರಿ ಆಗ್ತದ. ಬಣ್ಣ ಹೊಡದ ಕ್ಯಾಪಿಗಂತೂ ಹಚ್ಚಲೇಬ್ಯಾಡ್ರಿ, ಕಿತ್ತಾಗ ಬಣ್ಣದ ಸಮೇತ ಬರ್ತದ.

ಖರೆ ಹೇಳಬೇಕಂದ್ರ ಕೆಜಿಪಿ ವಿನ್ಯಾಸಕ್ಕ ಕನ್ನಡ ಅಕ್ಷರದ ಗರಜು ಕಮ್ಮಿ. ಅದರ ಮೂಲ ಆದ ಕೆ.ಪಿ. ರಾವ್ ಅವರ ವಿನ್ಯಾಸ ಉಚ್ಚಾರದ ಮ್ಯಾಲ ನಿಂತದ್ದು, ಕೆ ಒತ್ತಿದ್ರ ಕ, ಆರ್ ಒತ್ತಿದ್ರ ರ. ಹೊಂದದವು ಕ್ಯೂ (ಟ), ಡಬ್ಲ್ಯೂ (ಡ), ಎಕ್ಸ್ (ಷ), ಎಫ್ ಹಂಗ ಬೆರಳೆಣಿಕಿ. ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ವಿನ್ಯಾಸ ಕಲಿಯೋರಿಗೆ ಅಕ್ಷರ ಬೇಕು, ಅಲ್ಲಿ ಜೆ ಅಂದ್ರ ರ, ಎಲ್ ಅಂದ್ರ ತ, ಎಚ್ ಅಂದ್ರ ಪ. ನಿಮಗ ಬ್ಯಾಡ.

---

ಉದ್ಯಮಬಾಗ_ಮೌಲ್ಡ್ (ಬೆಳಗಾವಿ):

ಬಾಗಲಕೋಟೆಯವರ ಲೆಕ್ಕ ನನಗೂ ಒಪ್ಪಿಗೆ. ಬರೀ ಕ್ಯಾಪ್ ಸೆಟ್ಟಿನ ಮುಂದೆ 3,900ರ ಬೋರ್ಡ್ ನಿಲ್ಲುವುದಿಲ್ಲ. ಒಂದು ಸಂಗತಿಗೆ ಮಾತ್ರ ಮನಸ್ಸು ಸಿದ್ಧವಾಗಿರಲಿ: ದಪ್ಪ ಡಬಲ್‌ಶಾಟ್ ಕ್ಯಾಪಿನ ಅಕ್ಷರದ ಮೂಲಕ ಬರುವ ಬೆಳಕು ತೆಳ್ಳಗಿನ ಲೇಸರ್ ಕ್ಯಾಪಿಗಿಂತ ಸ್ವಲ್ಪ ಸೌಮ್ಯವಾಗಿರುತ್ತದೆ. ಹೊಳಪನ್ನು ಒಂದು ಹಂತ ಏರಿಸಿಕೊಳ್ಳಬೇಕಾದೀತು. ದೋಷ ಅಂತ ತಿಳಿಯಬೇಡಿ.

ಸೆಟ್ ಬಂದ ದಿನವೇ, ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲು, ಇಷ್ಟು ನೋಡಿ. ಬ್ಯಾಕ್‌ಸ್ಪೇಸ್, ಎಂಟರ್, ಎರಡೂ ಶಿಫ್ಟ್ ಗಾಜಿನ ಮೇಲೆ ಬೋರಲು ಇಡಿ. ನಾಲ್ಕೂ ಅಂಚು ಕೂರಬೇಕು, ಕಾಗದ ತೂರಬಾರದು. ನಂತರ ಒಂದೊಂದೇ ಅಕ್ಷರದ ಕ್ಯಾಪನ್ನು ಮೊಬೈಲ್ ಟಾರ್ಚ್ ಮೇಲೆ ಹಿಡಿಯಿರಿ. ಕರಿಯ ಭಾಗದಲ್ಲಿ ಸೂಜಿ ಚುಚ್ಚಿದ ಹಾಗೆ ಬೆಳಕು ಕಂಡರೆ ಎರಕ ಪೂರ್ತಿ ತುಂಬಿಲ್ಲ. ಅಕ್ಷರದ ಒಂದು ಕಾಲು ಮಾತ್ರ ಮಂಕಾಗಿದ್ದರೆ ಕರಿಯ ಪ್ಲಾಸ್ಟಿಕ್ ಒಳಗೆ ಹರಿದಿದೆ. ಅಂಥವು ಎರಡು ಮೂರಕ್ಕಿಂತ ಹೆಚ್ಚಿದ್ದರೆ ಸೆಟ್ಟನ್ನೇ ಬದಲಿಸಿ ಕೇಳಿ.

ಕ್ಯಾಪ್ ತೆಗೆಯಲು ತಂತಿಯ ಪುಲ್ಲರ್ ಬಳಸಿ, ಪ್ಲಾಸ್ಟಿಕ್ ಉಂಗುರದ್ದು ಪಕ್ಕವನ್ನು ಗೀರುತ್ತದೆ. ತೆಗೆಯುವ ಮೊದಲು ಬೋರ್ಡಿನ ಫೋಟೋ ಹೊಡೆದುಕೊಳ್ಳಿ. ತಂತಿಯನ್ನು ಎದುರುಬದುರು ಮೂಲೆಗಳಿಗೆ ಸಿಕ್ಕಿಸಿ ನೇರ ಮೇಲಕ್ಕೆ ಎಳೆಯಿರಿ, ಓರೆ ಎಳೆದರೆ ಕಾಂಡ ಸೀಳುತ್ತದೆ. ಶಿಫ್ಟ್, ಎಂಟರ್‌ನಂಥ ಉದ್ದ ಕೀಗಳನ್ನು ಸ್ಟೆಬಿಲೈಸರ್‌ನ (ಉದ್ದ ಕೀ ಓರೆಯಾಗದಂತೆ ಹಿಡಿಯುವ ತಂತಿ) ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಹೊಸದನ್ನು ಹೆಬ್ಬೆರಳಿನಿಂದ ಒತ್ತಿದರೆ ಕೂರಬೇಕು. ಬಡಿಗೆ ಬೇಕೆನ್ನಿಸುವಷ್ಟು ಬಿಗಿಯಿದ್ದರೆ ಒತ್ತಬೇಡಿ, ಮುಂದೆ ತೆಗೆಯುವಾಗ ಸ್ವಿಚ್ಚಿನ ಕಾಂಡವೇ ಕಿತ್ತು ಬರುತ್ತದೆ. ಎಫ್ ಮತ್ತು ಜೆ ಮೇಲಿನ ಗೀಟು ಬೆರಳಿಗೆ ಸರಿಯಾಗಿ ತಾಗುತ್ತದೆಯೇ ಅಂತಲೂ ನೋಡಿ.

ತೊಳೆಯುವಾಗ ಬೆಚ್ಚಗಿನ ನೀರು, ಕೈ ಇಟ್ಟರೆ ಸುಡದಷ್ಟು, ಪಾತ್ರೆ ಸೋಪಿನ ನಾಲ್ಕು ಹನಿ, ಅರ್ಧ ಗಂಟೆ. ಬೋರಲು ಹಾಕಿ ನೆರಳಿನಲ್ಲಿ ಒಂದು ಇಡೀ ದಿನ ಒಣಗಿಸಿ. ಕಾಂಡದ ಸೀಳಿನಲ್ಲಿ ನೀರು ನಿಂತಿರುತ್ತದೆ, ಹಾಗೇ ಹಾಕಿದರೆ ಸ್ವಿಚ್ಚಿಗೆ ಇಳಿಯುತ್ತದೆ. ಉಳಿಸಿಕೊಳ್ಳುವ ಹಳೆಯ ಸಾಲು ಬಣ್ಣ ಹೊಡೆದದ್ದು, ಅದಕ್ಕೆ ಸ್ಯಾನಿಟೈಸರ್, ಸ್ಪಿರಿಟ್ ತಾಗಿಸಬೇಡಿ, ಒದ್ದೆ ಬಟ್ಟೆ ಸಾಕು.

ಮುಂದೆ ಸ್ಟ್ಯಾಂಡರ್ಡ್ ಸಾಲಿನ ಬೋರ್ಡ್ ಕೊಂಡಾಗ ಈ ಸೆಟ್ಟಿನ 118 ಮಿ.ಮೀ. ಸ್ಪೇಸ್‌ಬಾರ್ ಬೇಕಾಗುತ್ತದೆ, ಎಸೆಯದೆ ಡಬ್ಬಿಯಲ್ಲೇ ಇಡಿ. ಅದು ಬಾಗಿದ್ದರೆ, ಮೇಲೆ ಅಕ್ಷರವಿಲ್ಲದೆ ಒಂದೇ ಪ್ಲಾಸ್ಟಿಕ್ಕಿನದಾಗಿದ್ದರೆ ಸರಿಮಾಡಬಹುದು: ಕುದಿ ಬರುವ ಮೊದಲಿನ, ಸುಮಾರು 80 ಡಿಗ್ರಿ ನೀರಿನಲ್ಲಿ ಎರಡು ಮೂರು ನಿಮಿಷ ಮುಳುಗಿಸಿ, ಇಕ್ಕಳದಿಂದ ತೆಗೆದು ಬಾಗಿದ್ದಕ್ಕೆ ಎದುರು ದಿಕ್ಕಿಗೆ ತುಸು ಹೆಚ್ಚೇ ಒತ್ತಿ, ಪೂರ್ತಿ ತಣ್ಣಗಾಗುವ ತನಕ ಹಾಗೇ ಹಿಡಿಯಿರಿ. ಒಂದೇ ಸಲಕ್ಕೆ ಬರುವುದಿಲ್ಲ, ಎರಡು ಮೂರು ಸಲ ಬೇಕು.

---

ಅಕ್ಷರಜೋಡಣೆ_ಬೆಳಗಾವಿ:

ಓಇಎಂ ಪ್ರೊಫೈಲ್, ಕರೇ, ಡಬಲ್‌ಶಾಟ್ ಶೈನ್‌ಥ್ರೂ, 104 ಕೀ, ಅಂಕಿ ಮತ್ತು ಚಿಹ್ನೆ ಪಕ್ಕಪಕ್ಕ ಇರೂದು. ಇಷ್ಟ ಬರಕೊಂಡು ಸೆಟ್ ಹೇಳೀನಿ. ಬಂದ ಮ್ಯಾಲ ಎಫ್ ಕ್ಯಾಪನ್ನ ಟಾರ್ಚ್ ಮ್ಯಾಲ ಇಟ್ಟು ತಗದ ಫೋಟೋ ಇಲ್ಲೇ ಹಾಕತೀನಿ.